ವಿಂಬಲ್ಡನ್ನಿನಲ್ಲಿ ಒಂದು ದಿನ

ನಮ್ಮ ಮಗಳು ಲಂಡನ್ ನಗರದಲ್ಲಿ ನೆಲಸಿರುವಳು. 2023ನೆಯ ಇಸವಿಯ ಬೇಸಗೆಯಲ್ಲಿ ನಾವು ಸಪತ್ನೀಕರಾಗಿ ಅಲ್ಲಿಗೆ ಹೋದಾಗ, ನೋಡತಕ್ಕ ಸ್ಥಳಗಳ ಉದ್ದವಾದ ಪಟ್ಟಿಯೊಂದನ್ನು ಬರೆದು ಅವಳು ನಮ್ಮ ಕೈಗಿತ್ತಳು. ಅರಮನೆ, ಸೇತುವೆ, ವಸ್ತುಸಂಗ್ರಹಾಲಯ, ಎಲ್ಲವೂ ಅದರಲ್ಲಿದ್ದುವು. ನಮ್ಮ ಮನೆಯವರು ಅದನ್ನು ಆಮೂಲಾಗ್ರವಾಗಿ ಓದಿ, “ಎಲ್ಲ ಸರಿಯೆ, ವಿಂಬಲ್ಡನ್ ಎಲ್ಲಿ?” ಎಂದು ಕೇಳಿದರು.

ಈ ಪ್ರಶ್ನೆ ನಮಗೆ ಆಶ್ಚರ್ಯವನ್ನುಂಟುಮಾಡಲಿಲ್ಲ. ನಾವು ಶಾಲೆಯಲ್ಲಿ ಶಬ್ದರೂಪಗಳನ್ನು ಹೇಳಿಕೊಟ್ಟು ದಣಿದು ಮನೆಗೆ ಬರುತ್ತಿದ್ದ ಆಷಾಢದ ಸಂಜೆಗಳಲ್ಲಿ, ಅವರು ದೂರದರ್ಶನದ ಮುಂದೆ ಹುರುಳಿಕಾಯಿ ಸೋಸುತ್ತ ಟೆನಿಸ್ ನೋಡುತ್ತಿದ್ದರು. ಸೊನ್ನೆಗೆ ‘ಲವ್’ ಎನ್ನುವ, ಹದಿನೈದು ಮೂವತ್ತಾದ ಮೇಲೆ ನಲವತ್ತೈದನ್ನು ಬಿಟ್ಟು ನಲವತ್ತು ಎನ್ನುವ ಆ ವಿಚಿತ್ರ ಗಣಿತವನ್ನು ನಮಗೆ ಬೋಧಿಸಿದ ಗುರುಗಳು ಅವರೇ. 1993ರಲ್ಲಿ ಗೆಲ್ಲುವ ಹಂತಕ್ಕೆ ಬಂದು ಸೋತ ಯಾನಾ ನೊವೊಟ್ನಾ ಎಂಬಾಕೆ ಕೆಂಟಿನ ಡಚೆಸ್ಸಳ ಹೆಗಲ ಮೇಲೆ ತಲೆಯಿಟ್ಟು ಅತ್ತಾಗ ನಮ್ಮ ಮನೆಯಲ್ಲೂ ಕಣ್ಣೀರು ಹರಿಯಿತು; 1998ರಲ್ಲಿ ಅವಳೇ ಗೆದ್ದಾಗ ಪಾಯಸವಾಯಿತು. ಎಲ್ಲರಿಗಿಂತ ಹೆಚ್ಚಾಗಿ ಅವರ ಮನಸ್ಸು ನೆಟ್ಟದ್ದು ವೀನಸ್ ವಿಲಿಯಮ್ಸಳ ಮೇಲೆ. 1997ರಲ್ಲಿ ಅಲ್ಲಿ ಮೊದಲು ಕಾಲಿಟ್ಟ ಆಕೆ ಐದು ಸಲ ಒಂಟಿಯಾಟದ ಪ್ರಶಸ್ತಿಯನ್ನು ಪಡೆದಳು. 2023ರಲ್ಲಿ, ತನ್ನ 43ನೆಯ ವಯಸ್ಸಿನಲ್ಲಿ, 24ನೆಯ ಬಾರಿಗೆ ಅಲ್ಲಿ ಆಡುವವಳಿದ್ದಳು. ಜುಲೈ 3ನೆಯ ತಾರೀಖು ಸೋಮವಾರ, ಪ್ರಾರಂಭದ ದಿನವೇ, ಪ್ರಧಾನ ಅಂಗಣದಲ್ಲಿ ಅವಳ ಪಂದ್ಯವೆಂದು ತಿಳಿಯಿತು. ಹೊರಡುವುದೆಂದು ನಿಶ್ಚಯವಾಯಿತು.

ಈ ಕ್ರೀಡೋತ್ಸವದ ಪೂರ್ವಚರಿತ್ರೆಯನ್ನು ವಾಚಕರಿಗೆ ಸಂಗ್ರಹವಾಗಿ ತಿಳಿಸುವುದು ಯುಕ್ತ. ಇದನ್ನು ನಡೆಯಿಸುವ ಸಂಘವು 1868ರಲ್ಲಿ ಕ್ರೋಕೆ ಎಂಬ ಚೆಂಡಾಟಕ್ಕಾಗಿ ಹುಟ್ಟಿದುದು. ಟೆನಿಸ್ ಅಲ್ಲಿಗೆ ಅನಂತರ ಬಂದ ಅತಿಥಿ. ಬಂದವನೇ ಮನೆಯ ಯಜಮಾನನಾದನು. 1877ರ ಮೊದಲ ಪಂದ್ಯಾವಳಿಗೆ ಹೆಸರು ಕೊಟ್ಟವರು 22 ಮಂದಿ ಗಂಡಸರು. ಗೆದ್ದವನು ಸ್ಪೆನ್ಸರ್ ಗೋರ್. ಕೊನೆಯ ಪಂದ್ಯವನ್ನು ತಲೆಗೊಂದು ಷಿಲಿಂಗ್ ಕೊಟ್ಟು ನೋಡಿದವರು ಸುಮಾರು ಇನ್ನೂರು ಜನ. ಹೆಂಗಸರ ಪಂದ್ಯಗಳು 1884ರಲ್ಲಿ ಸೇರಿದುವು. ಚರ್ಚ್ ರಸ್ತೆಯಲ್ಲಿರುವ ಈಗಿನ ಸ್ಥಳಕ್ಕೆ ಸಂಘವು ಬಂದದ್ದು 1922ರಲ್ಲಿ. ಇಂದಿನ ಪ್ರಧಾನ ಅಂಗಣದಲ್ಲಿ ಸುಮಾರು ಹದಿನೈದು ಸಾವಿರ ಜನರು ಕುಳಿತುಕೊಳ್ಳಬಹುದು.

ಇಲ್ಲಿನ ಟಿಕೆಟ್ಟುಗಳು ಬಹುಮಟ್ಟಿಗೆ ತಿಂಗಳುಗಳ ಮೊದಲೇ ಚೀಟಿ ಎತ್ತಿ ಹಂಚಿಹೋಗುವುವು. ಆದರೂ ಆಯಾ ದಿನ ಬಂದು ಸಾಲಿನಲ್ಲಿ ನಿಂತವರಿಗೂ ಒಂದು ಪಾಲನ್ನು ಮೀಸಲಾಗಿಟ್ಟಿರುತ್ತಾರೆ. ದೊಡ್ಡ ಅಂಗಣಗಳ ಸ್ಥಳಗಳನ್ನು ಬಯಸುವವರು ಹಿಂದಿನ ರಾತ್ರಿಯೇ ಉದ್ಯಾನದಲ್ಲಿ ಡೇರೆ ಹಾಕಿ ಮಲಗುವರು. ನಮ್ಮ ಮೊಣಕಾಲುಗಳು ಅದಕ್ಕೆ ಒಪ್ಪಲಿಲ್ಲವಾಗಿ, ಮೈದಾನಪ್ರವೇಶದ ಟಿಕೆಟ್ಟಿನಿಂದಲೇ ತೃಪ್ತರಾಗಬೇಕೆಂದು ಬೆಳಗ್ಗೆ ಸೌತ್‌ಫೀಲ್ಡ್ಸ್ ನಿಲ್ದಾಣದಲ್ಲಿ ರೈಲಿಳಿದು ನಡೆದೆವು. ಉದ್ಯಾನದಲ್ಲಿ ಒಬ್ಬೊಬ್ಬರಿಗೆ ಸಂಖ್ಯೆ ಬರೆದ ಒಂದೊಂದು ಚೀಟಿ ಕೊಟ್ಟರು. ಪರಿಚಯ, ಶಿಫಾರಸು, ಮುಂದೆ ನಿಂತ ಬಂಧುವಿನ ಹೆಗಲ ಮೇಲಿನ ಕೈ, ಇವಾವುವೂ ಅಲ್ಲಿ ನಡೆಯವು. ಸಾವಿರಾರು ಜನ ಹುಲ್ಲಿನ ಮೇಲೆ ಕುಳಿತು, ಓದುತ್ತ, ಬುತ್ತಿ ಬಿಚ್ಚಿ ಹಂಚಿಕೊಳ್ಳುತ್ತ, ಮೆಲ್ಲಮೆಲ್ಲನೆ ಮುಂದೆ ಸರಿಯುತ್ತಿದ್ದರು. ನಮ್ಮ ಚಿತ್ರಾನ್ನವನ್ನು ಹಿಂದೆ ಕುಳಿತಿದ್ದ ಸ್ಕಾಟ್ಲೆಂಡಿನ ವೃದ್ಧೆಯೊಬ್ಬಳು ರುಚಿನೋಡಿ, ಕಡಲೆಬೇಳೆಯನ್ನು ಬೆರಳಲ್ಲಿ ಹಿಡಿದು ಇದೇನೆಂದು ವಿಚಾರಿಸಿದಳು. ಅವಳೂ ನಮ್ಮ ಮನೆಯವರೂ ಆಟಗಾರರ ಹೆಸರುಗಳನ್ನೇ ಭಾಷೆಯಾಗಿ ಮಾಡಿಕೊಂಡು ಒಂದು ಗಂಟೆ ಮಾತನಾಡಿದರು.

ಚೀಲಗಳ ತಪಾಸಣೆ ಮುಗಿಸಿ ಒಳಹೊಕ್ಕಾಗ ಮಧ್ಯಾಹ್ನವಾಗಿತ್ತು. ಹಸುರು ಬಳ್ಳಿ ಹಬ್ಬಿದ ಗೋಡೆಗಳು, ಊದಾಬಣ್ಣದ ಹೂಗಳು, ಒಂದರ ಪಕ್ಕದಲ್ಲೊಂದು ಹುಲ್ಲಿನ ಅಂಗಣಗಳು. ಆ ಹುಲ್ಲನ್ನು ಎಂಟು ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿಟ್ಟಿರುತ್ತಾರೆ. ಆಟಗಾರರು ಶ್ವೇತವಸ್ತ್ರಧಾರಿಗಳಾಗಿಯೇ ಇರಬೇಕೆಂಬುದು ಅಲ್ಲಿನ ಮಡಿ. ಹೊರಗಿನ ಅಂಗಣಗಳಲ್ಲಿ ಪ್ರೇಕ್ಷಕನಿಗೂ ಆಟಗಾರನಿಗೂ ನಡುವೆ ನಾಲ್ಕು ಮೊಳ ಅಂತರವೂ ಇರದು. ದೂರದರ್ಶನದಲ್ಲಿ ಸುಲಭವಾಗಿ ಕಾಣುವ ಹೊಡೆತ ಹತ್ತಿರದಿಂದ ಎಷ್ಟು ಉಗ್ರವೆಂಬುದನ್ನು ಅಲ್ಲಿಯೇ ತಿಳಿಯಬೇಕು. ಚೆಂಡಿನ ಸದ್ದು ಎದೆಗೆ ತಗಲುತ್ತದೆ. 18ನೆಯ ಅಂಗಣದ ಗೋಡೆಯಲ್ಲಿ ಒಂದು ಫಲಕವಿದೆ. 2010ರಲ್ಲಿ ಜಾನ್ ಇಸ್ನರ್, ನಿಕೊಲಾ ಮಹ್ಯು ಎಂಬಿಬ್ಬರು ಇಲ್ಲಿ ಮೂರು ದಿನಗಳಲ್ಲಿ ಒಟ್ಟು 11 ಗಂಟೆ 5 ನಿಮಿಷ ಆಡಿದರು. ಕೊನೆಯ ಸೆಟ್ಟು ಮುಗಿದದ್ದು 70–68ಕ್ಕೆ. ಫಲಕದಲ್ಲಿ ಗೆದ್ದವನ ಹೆಸರಿನೊಡನೆ ಸೋತವನ ಹೆಸರೂ ಇರುವುದನ್ನು ಕಂಡು ನಮ್ಮ ಮನೆಯವರು, “ಇದು ನ್ಯಾಯ” ಎಂದರು.

ಎರಡು ಗಂಟೆಯ ಹೊತ್ತಿಗೆ ಮಳೆ ಬಂದಿತು. ಹೊರಗಿನ ಅಂಗಣಗಳಿಗೆ ಹೊದಿಕೆ ಎಳೆದರು. ಪ್ರಧಾನ ಅಂಗಣಕ್ಕೆ 2009ರಿಂದ ಮುಚ್ಚುವ ಚಾವಣಿಯುಂಟು. ಹೆನ್ಮನ್ ದಿಬ್ಬವೆಂದು ಜನ ಕರೆಯುವ ಇಳಿಜಾರಿನ ಬಳಿ ದೊಡ್ಡ ತೆರೆಯ ಮೇಲೆ ಅಲ್ಲಿನ ಪಂದ್ಯ ತೋರುತ್ತಿತ್ತು. ನಾವಿಬ್ಬರೂ ಒಂದೇ ಕೊಡೆಯಡಿ ನಿಂತು ನೋಡಿದೆವು. ಚಾವಣಿ ಮುಚ್ಚಿದರೂ ಹುಲ್ಲು ಒಣಗಲಿಲ್ಲ. ಎಲೆ ಹಾರಿಸುವ ಯಂತ್ರಗಳಿಂದ ಗಾಳಿ ಊದಿದರು. ಹಿಂದಿನ ವರ್ಷದ ವಿಜೇತನಾದ ನೊವಾಕ್ ಜೊಕೊವಿಚನು ತಾನೇ ಒಂದು ಟವೆಲ್ ಹಿಡಿದು ನೆಲ ಒರಸತೊಡಗಿದಾಗ ದಿಬ್ಬವೆಲ್ಲ ನಕ್ಕಿತು. “ನಮ್ಮ ಮನೆಯಲ್ಲಿ ಯಾರೂ ಹೀಗೆ ಬಟ್ಟೆ ಹಿಡಿದದ್ದು ಕಾಣೆ” ಎಂದು ನಮ್ಮ ಮನೆಯವರೆಂದರು. ಕೆನೆ ಹಾಕಿದ ಸ್ಟ್ರಾಬೆರಿ ಹಣ್ಣನ್ನು ಹಂಚಿಕೊಂಡೆವು. ಬೆಲೆ ಎರಡೂವರೆ ಪೌಂಡು. 2010ರಿಂದ ಅದೇ ಇದ್ದು 2025ರಲ್ಲಿ ಮೊದಲ ಬಾರಿಗೆ ಏರಿತು.

ನೋಡಿ ಹೊರಟವರು ಮರಳಿಸಿದ ದೊಡ್ಡ ಅಂಗಣದ ಟಿಕೆಟ್ಟುಗಳನ್ನು ಅಪರಾಹ್ನದಲ್ಲಿ ಸ್ವಲ್ಪ ಬೆಲೆಗೆ ಮತ್ತೆ ಮಾರಿ, ಬಂದ ಹಣವನ್ನು ಧರ್ಮಕಾರ್ಯಕ್ಕೆ ವಿನಿಯೋಗಿಸುವ ಒಳ್ಳೆಯ ಪದ್ಧತಿ ಅಲ್ಲಿದೆ. ಮಗಳು ಕಲಿಸಿಕೊಟ್ಟಂತೆ ಮೊಬೈಲಿನಲ್ಲಿ ನಮ್ಮ ಹೆಸರನ್ನು ಸೇರಿಸಿದ್ದೆವು. ಸರದಿ ಬಂದು ಕಿಟಕಿಗೆ ಓಡಿದೆವು. ಆ ಕ್ಷಣಕ್ಕೆ ಇದ್ದುದು ಒಂದೇ ಟಿಕೆಟ್ಟು.

ನಮ್ಮ ಮನೆಯವರು, “ನೀವು ಹೋಗಿ” ಎಂದರು. ಗೃಹಸ್ಥರಾದ ವಾಚಕರು ಬಲ್ಲರು: ಇಂಥ ಮಾತನ್ನು ಮೂರು ಸಲ ನಿರಾಕರಿಸಿ ನಾಲ್ಕನೆಯ ಸಲ ಅವರ ಕೈಗೇ ಕೊಡತಕ್ಕದ್ದು. ಅವರು ಹೇಳಿದ್ದು ಒಂದೇ ಸಲ. ನಾವು ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ. “ಈ ಪಂದ್ಯ ಮುಗಿಯುತ್ತಲೂ ಹೊರಗೆ ಬರುವೆವು, ವೀನಸಳ ಆಟಕ್ಕೆ ನೀವು ಹೋಗಬಹುದು” ಎಂದು ಸಮಾಧಾನ ಹೇಳಿ ಮೆಟ್ಟಿಲೇರಿದೆವು.

ಒಳಗಿನ ಶೋಭೆಯನ್ನು ಏನೆಂದು ಹೇಳೋಣ! ಚಾವಣಿಯ ಕೆಳಗೆ ದೀಪದ ಬೆಳಕಿನಲ್ಲಿ ಹುಲ್ಲು ಪಚ್ಚೆಯಂತೆ ಹೊಳೆಯುತ್ತಿತ್ತು. ಹದಿನೈದು ಸಾವಿರ ಜನರಿದ್ದರೂ ಚೆಂಡೆಸೆಯುವ ಮುನ್ನ ದೇವಸ್ಥಾನದ ಗರ್ಭಗುಡಿಯ ಮೌನ. ಸುಮಾರು ಒಂದೂವರೆ ಗಂಟೆಯ ವಿರಾಮದ ಅನಂತರ ಆಟ ಪುನಃ ಮೊದಲಾಗಿ, ಅರ್ಜೆಂಟೀನದ ಪೆದ್ರೊ ಕಚಿನ್ ಎಂಬವನನ್ನು ಜೊಕೊವಿಚನು ಮೂರೇ ಸೆಟ್ಟುಗಳಲ್ಲಿ ಸೋಲಿಸಿದನು. ಅದ್ಭುತವಾದೊಂದು ಹೊಡೆತವಾದಾಗಲೆಲ್ಲ ನಾವು ಎಡಕ್ಕೆ ತಿರುಗುವೆವು. ಅಲ್ಲಿ ಅಪರಿಚಿತನಾದ ಒಬ್ಬ ಗೃಹಸ್ಥನು ತನ್ನ ಮಡದಿಯ ಕಡೆಗೆ ತಿರುಗಿರುವನು. ಸಹೃದಯನೆಂಬ ಪದವನ್ನು ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಿದ ನಮಗೆ ಅದರ ಮೊದಲರ್ಧದ ಬೆಲೆ ಆ ಆಸನದಲ್ಲಿ ತಿಳಿಯಿತು.

ಪಂದ್ಯ ಮುಗಿದೊಡನೆ ಹೊರಗೋಡಿ ಬಂದೆವು. ಜಿನುಗು ಹನಿಯಲ್ಲಿ ಕೊಡೆ ಹಿಡಿದು, ಬೆಳಗ್ಗೆ ಕಂಡ ಆ ಸ್ಕಾಟ್ಲೆಂಡಿನ ವೃದ್ಧೆಯ ಜತೆಯಲ್ಲಿ ಅವರು ನಿಂತಿದ್ದರು. ಟಿಕೆಟ್ಟನ್ನು ಚಾಚಿದೆವು. ಅವರು ಅದನ್ನು ಕನ್ನಡಕದ ಹತ್ತಿರಕ್ಕೆ ಹಿಡಿದು ನಿಧಾನವಾಗಿ ಓದಿ, “ಇದನ್ನು ಮತ್ತೊಬ್ಬರಿಗೆ ಕೊಡಬಾರದಂತೆ” ಎಂದರು. “ಯಾರು ನೋಡುತ್ತಾರೆ?” ಎಂಬ ಮಾತು, ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ, ನಮ್ಮ ಬಾಯಿಂದಲೇ ಹೊರಟಿತು. “ಪರೀಕ್ಷೆಯ ಕೋಣೆಯಲ್ಲಿ ಹುಡುಗರು ಹೀಗೆಂದಾಗ ನೀವೇನು ಮಾಡುತ್ತಿದ್ದಿರಿ?” ಎಂದು ಅವರು ಕೇಳಿದರು. ಉತ್ತರವಿರಲಿಲ್ಲ. ಟಿಕೆಟ್ಟನ್ನು ಮರಳಿಸಿದೆವು. ಯಾರೋ ಒಬ್ಬ ಅಜ್ಞಾತ ಭಾಗ್ಯಶಾಲಿಗೆ ಅದು ಸಂದಿರಬೇಕು.

ವೀನಸಳ ಪಂದ್ಯವನ್ನು ತೆರೆಯ ಮೇಲೆಯೇ ನೋಡಿದೆವು. ಎದುರಾಳಿ ಉಕ್ರೇನಿನ ಎಲಿನಾ ಸ್ವಿಟೊಲಿನಾ. 2022ರ ಅಕ್ಟೋಬರಿನಲ್ಲಿ ತಾಯಿಯಾಗಿ ಮತ್ತೆ ಆಟಕ್ಕೆ ಬಂದವಳು. ಮೊದಲಲ್ಲಿಯೇ ವೀನಸ್ ಬಲೆಯ ಕಡೆಗೆ ನುಗ್ಗುವಾಗ ಜಾರಿಬಿದ್ದು ಮೊಣಕಾಲು ಹಿಡಿದು ಕೂಗಿದಳು. ನಮ್ಮ ಮನೆಯವರು ನಮ್ಮ ತೋಳನ್ನು ಹಿಡಿದುಕೊಂಡರು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಆಕೆ ಕುಂಟುತ್ತಲೇ ಕೊನೆಯವರೆಗೂ ಆಡಿ 6–4, 6–3ರಿಂದ ಸೋತಳು. ಅವಳು ಕೈಬೀಸಿ ನಿರ್ಗಮಿಸುವಾಗ ಅಂಗಣದೊಳಗಿನ ಚಪ್ಪಾಳೆ ಗೋಡೆಯಾಚೆಯಿಂದಲೂ ತೆರೆಯಿಂದಲೂ ಎರಡು ಸಲ ಕೇಳಿಸಿತು. ಇಪ್ಪತ್ತಾರು ವರ್ಷಗಳಿಂದ ಅವರು ಹಿಂಬಾಲಿಸಿದ ಆಟಗಾರ್ತಿ ಆ ಗೋಡೆಯ ಹಿಂದೆ ಇನ್ನೂರು ಹೆಜ್ಜೆಯೊಳಗೇ ಇದ್ದಳು. “ನೋಡಿದ ಹಾಗೆಯೇ ಆಯಿತು” ಎಂದು ಅವರೆಂದರು. ಅದು ನಿಜವಲ್ಲವೆಂಬುದು ನಮ್ಮಿಬ್ಬರಿಗೂ ತಿಳಿದಿತ್ತು.

ಉಳಿದ ಹದಿಮೂರು ದಿನಗಳನ್ನು ಮಗಳ ಮನೆಯಲ್ಲಿ ದೂರದರ್ಶನದ ಮುಂದೆ ಕಳೆದೆವು. ಸ್ವಿಟೊಲಿನಾ ಸೆಮಿಫೈನಲ್ಲನ್ನು ಮುಟ್ಟಿದಳು. ನಮ್ಮ ಕೊಡಗಿನ ರೋಹನ್ ಬೋಪಣ್ಣನೂ 43ನೆಯ ವಯಸ್ಸಿನಲ್ಲಿ ಮ್ಯಾಥ್ಯು ಎಬ್ಡನ್‌ನೊಡನೆ ಜೋಡಿಯಾಟದ ಸೆಮಿಫೈನಲ್ಲಿನವರೆಗೆ ಬಂದು ಸೋತನು. ಮರುವರ್ಷ, 2024ರ ಜನವರಿಯಲ್ಲಿ, ಅದೇ ಜೋಡಿ ಆಸ್ಟ್ರೇಲಿಯದಲ್ಲಿ ಪ್ರಶಸ್ತಿ ಗೆದ್ದಿತು. ಜುಲೈ 16ರಂದು ಜೊಕೊವಿಚನನ್ನು ಐದು ಸೆಟ್ಟುಗಳಲ್ಲಿ ಸ್ಪೇನಿನ ತರುಣ ಕಾರ್ಲೋಸ್ ಅಲ್ಕರಾಸ್ ಸೋಲಿಸಿದಾಗ, ಟವೆಲ್ ಹಿಡಿದ ಆ ಮೂರ್ತಿಯನ್ನು ನೆನೆದು ನಾವಿಬ್ಬರೂ ಒಟ್ಟಿಗೆ ಮರುಗಿದೆವು.

ಈ ಲೇಖನದ ಮೊದಲ ಪ್ರತಿಯನ್ನು ವಾಡಿಕೆಯಂತೆ ನಮ್ಮ ಮನೆಯವರೇ ಓದಿದರು. ಮೆಟ್ಟಿಲೇರಿದ ಭಾಗದಲ್ಲಿ ಬೆರಳಿಟ್ಟು, “ಇಲ್ಲಿಯೂ ‘ನಾವು’ ಎಂದೇ ಬರೆದಿದ್ದೀರಿ. ಒಳಗೆ ಹೋದದ್ದು ಒಬ್ಬರೇ” ಎಂದರು. ವ್ಯಾಕರಣಕ್ಕೆ ಅದು ಸಮ್ಮತವೆಂದು ಹೇಳಬಹುದಾಗಿತ್ತು, ಹೇಳಲಿಲ್ಲ. ಮತ್ತೊಮ್ಮೆ ಅಲ್ಲಿಗೆ ಹೋಗುವ ಯೋಗ ಕೂಡಿಬಂದು, ಕಿಟಕಿಯಲ್ಲಿ ಒಂದೇ ಟಿಕೆಟ್ಟಿದ್ದರೆ, ಅದು ಯಾರದೆಂಬುದು ಈಗ ನಿಶ್ಚಿತವಾಗಿದೆ.