ಓಟಕ್ಕೊಂದು ಹಳೆಯ ಕಾರು



ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ, ಗಣಿತಗಳನ್ನು ಬೋಧಿಸಿ ನಿವೃತ್ತನಾದ, ಬದುಕಿನಲ್ಲಿ ಸೈಕಲ್ಲಿನಿಂದಾಚೆಗೆ ಯಾವ ವಾಹನವನ್ನೂ ನಡೆಸದ ನಾನು ಕಾರಿನ ಓಟದ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ನಿಮ್ಮಲ್ಲಿ ಅನೇಕರು ನಗಬಹುದು. ನಗಲು ಅಡ್ಡಿಯಿಲ್ಲ. ಆದರೆ ಕಳೆದೊಂದು ವರ್ಷದಲ್ಲಿ ಈ ವಿಷಯವು ನಮ್ಮ ಕುಟುಂಬದೊಳಗೆ ಬಂದು ಕುಳಿತು, ನನ್ನ ಹಳೆಯ ಪಾಠಗಳನ್ನೆಲ್ಲ ಮತ್ತೆ ತಿರುವಿಹಾಕುವಂತೆ ಮಾಡಿತು. ಆದ್ದರಿಂದ ಇದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ.

ಕುಂದಾಪುರದಲ್ಲಿರುವ ನನ್ನ ತಂಗಿ ಪತಿಯನ್ನು ಕಳೆದುಕೊಂಡು ಆರು ವರ್ಷಗಳಾದವು. ಒಬ್ಬನೇ ಮಗ, ನನ್ನ ಸೋದರಳಿಯ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನು ರಜಾದಿನಗಳ ಹಿಂದಿನ ರಾತ್ರಿ ಗೆಳೆಯರೊಡನೆ ಹೆದ್ದಾರಿಯಲ್ಲಿ ಪಂದ್ಯ ಕಟ್ಟಿ ಕಾರು ಓಡಿಸುತ್ತಾನೆಂಬ ಸುದ್ದಿ ತಾಯಿಯ ಕಿವಿಗೆ ಬಿದ್ದಿತು. ಅಂದಿನಿಂದ ಅವಳಿಗೆ ನಿದ್ರೆಯಿಲ್ಲ. ನಾನು ಅವನನ್ನು ಸಾಗರಕ್ಕೆ ಕರೆಸಿಕೊಂಡು ಕೇಳಿದೆ. ಅವನು ಸುಳ್ಳು ಹೇಳಲಿಲ್ಲ. "ಮಾವ, ರಸ್ತೆಯ ಮೇಲೆ ಓಡಿಸುವುದನ್ನು ಇಂದೇ ಬಿಡುತ್ತೇನೆ. ಆಟೋಕ್ರಾಸ್‌ಗೆ ಹಳೆಯ ಕಾರೊಂದನ್ನು ಸಿದ್ಧಮಾಡಿಕೊಳ್ಳುತ್ತೇನೆ. ಅಪ್ಪನ ಎಸ್ಟೀಮ್ ಶೆಡ್ಡಿನಲ್ಲಿ ಸುಮ್ಮನೆ ನಿಂತಿದೆ. ಅಮ್ಮನನ್ನು ನೀವೇ ಒಪ್ಪಿಸಬೇಕು" ಎಂದ.

ತಂಗಿಯ ಉತ್ತರ ಒಂದೇ ಮಾತಿನದು: "ಅಣ್ಣಾ, ಅವರ ಕಾರನ್ನು ಕತ್ತರಿಸಲು ನಾನು ಕೊಡುವುದಿಲ್ಲ."

ಇಬ್ಬರ ನಡುವೆ ಸಿಕ್ಕ ನಾನು, ಮೊದಲು ಈ ಆಟೋಕ್ರಾಸ್ ಎಂದರೇನು, ಅದಕ್ಕೆ ಎಂಥ ಕಾರು ಬೇಕು ಎಂಬುದನ್ನು ತಿಳಿದುಕೊಳ್ಳದೆ ಪಂಚಾಯಿತಿ ಮಾಡುವುದು ತರವಲ್ಲವೆಂದು ನಿಶ್ಚಯಿಸಿದೆ.

ಬಯಲಿನಲ್ಲಿ ಶಂಕುಗಳನ್ನೂ ಪಟ್ಟಿಗಳನ್ನೂ ಇಟ್ಟು ಅಂಕುಡೊಂಕಾದ ಒಂದು ದಾರಿಯನ್ನು ಗುರುತಿಸುತ್ತಾರೆ. ಸಾಮಾನ್ಯವಾಗಿ ಒಂದೊಂದೇ ಕಾರು ಅದರಲ್ಲಿ ಓಡುತ್ತದೆ. ಸ್ಪರ್ಧೆ ಪಕ್ಕದ ಕಾರಿನೊಡನೆ ಅಲ್ಲ, ಗಡಿಯಾರದೊಡನೆ. ಶಂಕುವಿಗೆ ತಗುಲಿದರೆ ದಂಡವಾಗಿ ಕೆಲವು ಸೆಕೆಂಡುಗಳು ಸೇರುತ್ತವೆ. ಅಮೆರಿಕದಲ್ಲಿ ಇದನ್ನು ಡಾಂಬರು ಅಥವಾ ಕಾಂಕ್ರೀಟಿನ ವಿಶಾಲ ಅಂಗಳಗಳಲ್ಲಿ ನಡೆಸುತ್ತಾರೆ. ಇಂಗ್ಲೆಂಡಿನಲ್ಲಿ ಹುಲ್ಲುಗಾವಲಿನ ಮೇಲೆ. ನಮ್ಮಲ್ಲಿ ಹೆಚ್ಚಾಗಿ ಗಟ್ಟಿಮಣ್ಣಿನ ಮೈದಾನದಲ್ಲಿ. ಎದುರಿನಿಂದ ಲಾರಿ ಬರುವುದಿಲ್ಲ, ದನ ಅಡ್ಡಬರುವುದಿಲ್ಲ, ರಸ್ತೆ ದಾಟುವ ಮಗುವಿಲ್ಲ. ತಲೆಗೆ ಹೆಲ್ಮೆಟ್, ಮೈಗೆ ಬಿಗಿಯಾದ ಪಟ್ಟಿ ಕಡ್ಡಾಯ. ಇಷ್ಟನ್ನು ಕೇಳಿದಾಗಲೇ ನನ್ನ ಮನಸ್ಸು ಅರ್ಧ ಹುಡುಗನ ಕಡೆಗೆ ವಾಲಿತು.

ಉಳಿದರ್ಧವನ್ನು ವಾಲಿಸಿದ್ದು ನಾನೇ ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದ ಲೆಕ್ಕ. ನಿಮಗೆ ನೆನಪಿರಬಹುದು: ಸಮತಟ್ಟಾದ ತಿರುವಿನಲ್ಲಿ ವಾಹನವನ್ನು ಒಳಕ್ಕೆ ಎಳೆದು ಹಿಡಿಯುವುದು ಚಕ್ರ ಮತ್ತು ನೆಲದ ನಡುವಣ ಘರ್ಷಣೆ. ಘರ್ಷಣಾಂಕ, ಗುರುತ್ವ ವೇಗೋತ್ಕರ್ಷ, ತಿರುವಿನ ತ್ರಿಜ್ಯ ಈ ಮೂರರ ಗುಣಲಬ್ಧದ ವರ್ಗಮೂಲವೇ ಆ ತಿರುವಿನ ಗರಿಷ್ಠ ವೇಗ. ಮಣ್ಣಿನ ನೆಲದಲ್ಲಿ ಘರ್ಷಣಾಂಕ 0.5 ಎಂದು ಇಟ್ಟುಕೊಳ್ಳಿ. ತ್ರಿಜ್ಯ 10 ಮೀಟರ್ ಆದರೆ ಗುಣಲಬ್ಧ 49, ವರ್ಗಮೂಲ 7. ಅಂದರೆ ಸೆಕೆಂಡಿಗೆ 7 ಮೀಟರ್, ಗಂಟೆಗೆ ಸುಮಾರು 25 ಕಿಲೋಮೀಟರ್. ಕೋಟಿ ರೂಪಾಯಿಯ ಕಾರಾದರೂ ಆ ತಿರುವಿನಲ್ಲಿ ಇದೇ ಮಿತಿಗೆ ತಲೆಬಾಗಬೇಕು. ತ್ರಿಜ್ಯ ನಾಲ್ಕು ಪಟ್ಟಾಗಿ 40 ಮೀಟರ್ ಆದರೆ ವೇಗ ಎರಡೇ ಪಟ್ಟು, ಗಂಟೆಗೆ 50. ಇಂಥ ತಿರುವುಗಳೇ ತುಂಬಿರುವ ಓಟದಲ್ಲಿ ಎಂಜಿನ್ನಿನ ಬಲಕ್ಕಿಂತ ಟೈರಿನ ಹಿಡಿತ, ಚಾಲಕನ ವಿವೇಕ ಹೆಚ್ಚಿನವು. ಹುಲಿಕಲ್ ಘಾಟಿಯಲ್ಲಿ ಹಳೆಯ ಬಸ್ಸುಗಳನ್ನು ಇಳಿಸುತ್ತಿದ್ದ ಚಾಲಕರಿಗೆ ಈ ಸೂತ್ರ ತಿಳಿದಿರಲಿಲ್ಲ, ಆದರೆ ಅವರ ಕೈಗೆ ತಿಳಿದಿತ್ತು.

"ಸೂತ್ರದಲ್ಲಿ ರಾಶಿಯೇ ಇಲ್ಲವಲ್ಲ ಮಾವ, ಹಾಗಾದರೆ ಹಗುರವಾದ ಕಾರು ಏಕೆ ಬೇಕೆನ್ನುತ್ತಾರೆ?" ಎಂದು ಅಳಿಯ ಕೇಳಿದ. ಒಳ್ಳೆಯ ಪ್ರಶ್ನೆ. ರಬ್ಬರಿನ ಟೈರು ಪುಸ್ತಕದ ಮರದ ತುಂಡಿನಂತೆ ವರ್ತಿಸುವುದಿಲ್ಲ. ಅದರ ಮೇಲೆ ಭಾರ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ, ಕಡಿಮೆ. ಜೊತೆಗೆ ಭಾರದ ಕಾರನ್ನು ಎಡದಿಂದ ಬಲಕ್ಕೆ ಹೊರಳಿಸಲು, ನಿಲ್ಲಿಸಲು, ಮತ್ತೆ ಎಬ್ಬಿಸಲು ಹೆಚ್ಚು ಶಕ್ತಿ ಬೇಕು. ಆದ್ದರಿಂದ ಹಗುರವಾದ, ನೆಲಕ್ಕೆ ಹತ್ತಿರವಾದ, ಬಿಡಿಭಾಗ ಸುಲಭವಾಗಿ ದೊರೆಯುವ ಕಾರು ಬೇಕು. ಹೊಸ ಕಾರುಗಳು ಸುರಕ್ಷತೆ, ಸೌಕರ್ಯಗಳ ಹೊರೆ ಹೊತ್ತು ತೂಕ ಬೆಳೆಸಿಕೊಂಡಿವೆ. ಅಂಥದನ್ನು ಮಣ್ಣಿನಲ್ಲಿ ಹೊರಳಾಡಿಸಲು ಯಾರ ಮನಸ್ಸೂ ಬಾರದು. ಹಳೆಯದನ್ನು ಹುಡುಕಲು ಬಡತನವೊಂದೇ ಕಾರಣವಲ್ಲ.

ಯಾವ ಹಳೆಯದು? ನಾವಿಬ್ಬರೂ ಪಟ್ಟಿ ಮಾಡಿದೆವು. 1983ರ ಕೊನೆಯಲ್ಲಿ ಬಂದು 2014ರವರೆಗೆ ತಯಾರಾದ ಮಾರುತಿ 800 ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಹಗುರ. ಆದರೆ ಅದರ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನಿಗೆ ತಿರುವಿನಿಂದ ಹೊರಬಂದು ಚಿಮ್ಮುವ ಕಸುವು ಸಾಲದು. 1993ರ ಝೆನ್ ಚುರುಕಾದ ಪುಟ್ಟ ಕಾರು, ಕಲಿಯುವವನಿಗೆ ಸೊಗಸು. ಜಿಪ್ಸಿ ರ‍್ಯಾಲಿಗಳಲ್ಲಿ ಹೆಸರು ಮಾಡಿದ ಗಟ್ಟಿಗ. ಆದರೆ ಎತ್ತರದ ನಿಲುವು, ಬೆಲೆಯೂ ಇಳಿಯದು. 1999ರಲ್ಲಿ ಬಂದ 1.6 ಲೀಟರಿನ ಬಲೆನೊ ಬಲಶಾಲಿ, ಆದರೆ ಒಳ್ಳೆಯ ಸ್ಥಿತಿಯಲ್ಲಿ ಸಿಗುವುದು ಅಪರೂಪ. 2005ರ ಸ್ವಿಫ್ಟ್ ಮೊದಲ ಐದು ವರ್ಷ 1.3 ಲೀಟರಿನ ಎಂಜಿನ್ನನ್ನು ಹೊತ್ತಿತ್ತು. ಅದೂ ಒಪ್ಪುವಂಥದೇ, ಆದರೆ ನಮ್ಮ ಲೆಕ್ಕಕ್ಕೆ ತುಸು ಭಾರ, ತುಸು ದುಬಾರಿ.

ಕೊನೆಗೆ ಎಸ್ಟೀಮಿಗೇ ಬಂದು ನಿಂತೆವು. 1990ರ ಮಾರುತಿ 1000 ಎಂಬ ಸೆಡಾನ್ ನೋಟಕ್ಕೆ ಚೆನ್ನಿದ್ದು, 970 ಸಿಸಿ ಎಂಜಿನ್ನಿನಿಂದ ಏದುಸಿರು ಬಿಡುತ್ತಿತ್ತು. ಅದೇ ಒಡಲಿಗೆ 1.3 ಲೀಟರಿನ ಎಂಜಿನ್ ಬಂದು 1994ರಲ್ಲಿ ಎಸ್ಟೀಮ್ ಆಯಿತು. ಮುಂದೆ ಹದಿನಾರು ಕವಾಟಗಳ, 85 ಅಶ್ವಶಕ್ತಿಯ ಎಂಜಿನ್ ಬಂದಿತು. ನಾಲ್ಕು ಬಾಗಿಲಿನ ಕಾರಾದರೂ ತೂಕ ಒಂಬೈನೂರು ಕಿಲೋಗ್ರಾಮಿನ ಒಳಗೆ. ನಮ್ಮ ದೇಶದ ರ‍್ಯಾಲಿ ಓಟಗಾರರು ಇದನ್ನು ಬಹುಕಾಲ ಮೆಚ್ಚಿ ಬಳಸಿದ್ದು ಸುಮ್ಮನೆಯಲ್ಲ. 2007ರಲ್ಲಿ ತಯಾರಿಕೆ ನಿಂತರೂ, ಅದರ ಅಂಗಾಂಗಗಳನ್ನು ಬಲ್ಲ ಮೆಕ್ಯಾನಿಕ್ಕುಗಳು ಊರೂರಿನಲ್ಲೂ ಇದ್ದಾರೆ.

ಅಂದರೆ ಹುಡುಗನ ಆಯ್ಕೆ ಕೇವಲ ಮೋಹದ್ದಾಗಿರಲಿಲ್ಲ. ತಂಗಿಯ ನಿರಾಕರಣೆಯೂ ಕೇವಲ ಹಟವಾಗಿರಲಿಲ್ಲ. ಭಾವನವರು ಆ ಕಾರನ್ನು 2002ರಲ್ಲಿ ಸಾಲ ಮಾಡಿ ಕೊಂಡಿದ್ದರು. ಅವಳ ಮದುವೆಯ ಬದುಕಿನ ಒಳ್ಳೆಯ ದಿನಗಳೆಲ್ಲ ಅದರ ಮುಂದಿನ ಆಸನದಲ್ಲಿ ಕಳೆದಿದ್ದವು.

ಶಿವಮೊಗ್ಗದಲ್ಲಿ ಗ್ಯಾರೇಜು ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕುಂದಾಪುರಕ್ಕೆ ಕರೆದೊಯ್ದೆ. ಹತ್ತನೆಯ ತರಗತಿಯಲ್ಲಿ ವಿಜ್ಞಾನದಲ್ಲಿ ಅಷ್ಟಕ್ಕಷ್ಟೇ ಆಗಿದ್ದ ಆ ಹುಡುಗ ಅಂದು ನನಗೆ ಪಾಠ ಹೇಳಿದ ರೀತಿಯನ್ನು ನೀವು ನೋಡಬೇಕಿತ್ತು. "ಮೇಷ್ಟ್ರೆ, ಎಂಜಿನ್ ಬೇರೆ ತರಬಹುದು, ಗೇರ್‌ಬಾಕ್ಸ್ ಬೇರೆ ತರಬಹುದು. ಬಾಡಿ ಹೋದರೆ ಕಾರು ಹೋದ ಹಾಗೆ" ಎಂದು ಆರಂಭಿಸಿದ. ನೆಲಹಾಸನ್ನು ಎತ್ತಿದ. ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳು ಒಡಲಿಗೆ ಸೇರುವ ಮೂಲೆಗಳನ್ನು ದೀಪ ಹಿಡಿದು ನೋಡಿದ. ಕಿಸೆಯಿಂದ ಪುಟ್ಟ ಅಯಸ್ಕಾಂತವೊಂದನ್ನು ತೆಗೆದು ಬಾಗಿಲುಗಳ ಕೆಳಭಾಗದಲ್ಲಿ ಆಡಿಸಿದ. ತಗಡಿದ್ದರೆ ಅಂಟುತ್ತದೆ; ತುಕ್ಕನ್ನು ಮುಚ್ಚಲು ಮೆತ್ತಿದ ಪುಟ್ಟಿಯಾದರೆ ಅಂಟದು. ಕಡೆಗೆ ಸ್ಕ್ರೂಡ್ರೈವರಿನಿಂದ ಚಾಲಕನ ಕಾಲಬಳಿಯ ತಗಡನ್ನು ಮೆಲ್ಲನೆ ಒತ್ತಿದ. ಅದು ಹಪ್ಪಳದಂತೆ ಒಡೆದು ತೂತಾಯಿತು. ಕಡಲತಡಿಯ ಉಪ್ಪುಗಾಳಿ ಆರು ವರ್ಷ ನಿಂತ ಕಾರನ್ನು ಒಳಗೊಳಗೇ ತಿಂದಿತ್ತು.

ಕಾರು ಮಗುಚಿದರೆ ಚಾಲಕನನ್ನು ಕಾಯುವುದು ಒಳಗೆ ಕಟ್ಟುವ ಉಕ್ಕಿನ ಕೊಳವೆಗಳ ಪಂಜರ. ಅದರ ಕಾಲುಗಳು ನಿಲ್ಲುವುದು ಈ ನೆಲದ ಮೇಲೆಯೇ. ನೆಲ ಹಪ್ಪಳವಾದರೆ ಪಂಜರವಿದ್ದೂ ಪ್ರಯೋಜನವಿಲ್ಲ. "ಇದರಲ್ಲಿ ನಾನು ಹುಡುಗನನ್ನು ಕೂರಿಸುವುದಿಲ್ಲ ಅಮ್ಮಾ" ಎಂದು ಅವನು ತಂಗಿಗೆ ನೇರವಾಗಿ ಹೇಳಿದ. ಬಳಿಕ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಸಿಲಿಂಡರುಗಳಿಗೆ ಸ್ವಲ್ಪ ಎಣ್ಣೆ ಬಿಟ್ಟು, ಎಂಜಿನ್ನನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಿದ. ಅದು ಸರಾಗವಾಗಿ ತಿರುಗಿತು. ನಲವತ್ತೆಂಟು ಸಾವಿರ ಕಿಲೋಮೀಟರ್ ಮಾತ್ರ ಓಡಿದ ಎಂಜಿನ್. "ಇದು ಇನ್ನೂ ಹುಡುಗ" ಎಂದ.

ತಂಗಿ ಆ ರಾತ್ರಿ ಏನನ್ನೂ ಮಾತಾಡಲಿಲ್ಲ. ಬೆಳಗ್ಗೆ ತಿಂಡಿ ಬಡಿಸುವಾಗ ಹೇಳಿದಳು: "ಅಣ್ಣಾ, ಅವರು ಯಾವುದನ್ನೂ ಸುಮ್ಮನೆ ನಿಲ್ಲಿಸಿಕೊಂಡವರಲ್ಲ. ಎಂಜಿನ್ ತೆಗೆದುಕೊಂಡು ಹೋಗಲಿ. ಆದರೆ ಅದು ರಾತ್ರಿಯ ಹೆದ್ದಾರಿಯಲ್ಲಿ ಒಮ್ಮೆಯೂ ಕೂಗಬಾರದು." ಮಗ ತಲೆತಗ್ಗಿಸಿ ಒಪ್ಪಿಕೊಂಡ.

ಚಿತ್ರದುರ್ಗದ ಒಣಹವೆಯಲ್ಲಿ ಬೆಳೆದ 2004ರ ಎಸ್ಟೀಮೊಂದು ಐವತ್ತೈದು ಸಾವಿರ ರೂಪಾಯಿಗೆ ದೊರೆಯಿತು. ಅದರ ಎಂಜಿನ್ ನೀಲಿಹೊಗೆ ಉಗುಳುತ್ತಿತ್ತು. ಒಡಲು ಮಾತ್ರ ಕಂಚಿನಂತೆ. ಬೇಕಾದದ್ದು ಅದೇ. ಅಳಿಯ ಕೂಡಿಟ್ಟಿದ್ದ ಎರಡೂವರೆ ಲಕ್ಷದಲ್ಲಿ ಕಾರಿಗೆ ಕಾಲುಭಾಗಕ್ಕಿಂತ ಹೆಚ್ಚು ಕೊಡಕೂಡದೆಂದು ನಾವು ಮೊದಲೇ ಗೆರೆ ಎಳೆದಿದ್ದೆವು. ಹಣವನ್ನೆಲ್ಲ ಕಾರಿಗೇ ಸುರಿದು, ಹೆಲ್ಮೆಟ್ಟಿಗೆ ಸಾಲ ಕೇಳುವುದು ಯಾವ ಜಾಣತನ?

ಕಾಗದಪತ್ರದ ಮಾತನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಉತ್ಸಾಹಿಗಳು ಎಡವುವುದು ಇಲ್ಲಿಯೇ. ಭಾವನವರ ಹೆಸರಿನಲ್ಲಿದ್ದ ಕಾರನ್ನು ಮೊದಲು ತಂಗಿಯ ಹೆಸರಿಗೆ ವರ್ಗಾಯಿಸಬೇಕಾಯಿತು. ಎಂಜಿನ್ ಬದಲಾವಣೆಗೆ ಸಾರಿಗೆ ಕಚೇರಿಯ ಅನುಮತಿ ಬೇಕು. ಅದು ನೋಂದಣಿಯಲ್ಲಿ ದಾಖಲಾಗಬೇಕು. ಹದಿನೈದು ವರ್ಷ ದಾಟಿದ ಖಾಸಗಿ ಕಾರನ್ನು ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ತಯಾರಕರು ನಮೂದಿಸಿದ ಸ್ವರೂಪವನ್ನು ಮನಬಂದಂತೆ ಮಾರ್ಪಡಿಸಿ ರಸ್ತೆಗಿಳಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಪಂಜರ ಕಟ್ಟಿದ ಮೇಲೆ ನಮ್ಮ ಕಾರು ಮೈದಾನಕ್ಕೆ ಹೋಗುವುದು ಬೇರೊಂದು ವಾಹನದ ಬೆನ್ನಮೇಲೆ. ಇದರಿಂದ ಖರ್ಚು ಹೆಚ್ಚಿತು, ನಿಜ. ಆದರೆ ತಂಗಿಯ ಷರತ್ತನ್ನು ಕಾನೂನೇ ಕಾಯುವಂತಾಯಿತು.

ಕೆಲಸದ ಕ್ರಮವನ್ನು ಗ್ಯಾರೇಜಿನ ಶಿಷ್ಯನೇ ನಿಗದಿಪಡಿಸಿದ. ಮೊದಲು ದುರಸ್ತಿ: ಸವೆದ ಬುಷ್‌ಗಳು, ಬ್ರೇಕು, ರೇಡಿಯೇಟರು, ಟೈಮಿಂಗ್ ಬೆಲ್ಟು, ರಬ್ಬರ್ ಕೊಳವೆಗಳು. ಎರಡನೆಯದು ರಕ್ಷಣೆ: ಪಂಜರ, ಒಡಲನ್ನು ಅಪ್ಪಿ ಹಿಡಿಯುವ ಆಸನ, ಭುಜ ಸೊಂಟಗಳ ಪಟ್ಟಿ, ಅಗ್ನಿಶಾಮಕ, ಎಂಜಿನ್ನಿನ ತಳವನ್ನು ಕಲ್ಲಿನಿಂದ ಕಾಯುವ ದಪ್ಪ ತಗಡು. ಮೂರನೆಯದು ಟೈರು ಮತ್ತು ಬಿಗಿಯಾದ ಶಾಕ್ ಅಬ್ಸಾರ್ಬರುಗಳು. ಹಿಂದಿನ ಆಸನ, ನೆಲಹಾಸು ಮುಂತಾದ ಅನಗತ್ಯ ಭಾರವನ್ನು ತೆಗೆಯುವುದಕ್ಕೆ ಖರ್ಚೇ ಇಲ್ಲ. ಎಂಜಿನ್ನಿನ ಬಲ ಹೆಚ್ಚಿಸುವ ಮಾತೆತ್ತಿದಾಗ ಅವನು ಅಳಿಯನಿಗೆ, "ಇರುವ 85 ಕುದುರೆಗಳನ್ನು ಮೊದಲು ಪಳಗಿಸಪ್ಪ" ಎಂದು ಬಾಯಿ ಮುಚ್ಚಿಸಿದ.

ಮೊದಲ ಸ್ಪರ್ಧೆಗೆ ತಂಗಿಯೂ ನಾನೂ ಹೋಗಿದ್ದೆವು. ಶಾಲೆಯ ಕ್ರೀಡಾಕೂಟಗಳಿಗೆ ಬಳಸುತ್ತಿದ್ದ ನನ್ನ ಹಳೆಯ ಸ್ಟಾಪ್‌ವಾಚ್ ಜೇಬಿನಲ್ಲಿತ್ತು. ಮೊದಲ ಸುತ್ತಿನಲ್ಲಿ ಅಳಿಯ ತಿರುವುಗಳಿಗೆ ಅತಿವೇಗದಿಂದ ನುಗ್ಗಿದ. ಮುಂದಿನ ಚಕ್ರಗಳು ತಿರುಗಿದ್ದರೂ ಕಾರು ನೇರಕ್ಕೇ ಜಾರಿ ಎರಡು ಶಂಕುಗಳನ್ನು ಕೆಡವಿತು. ಎರಡನೆಯ ಸುತ್ತಿನಲ್ಲಿ ನಿಧಾನವಾಗಿ ಒಳಹೊಕ್ಕು, ಬೇಗನೆ ಹೊರಬಂದ. ನೋಡುವವರಿಗೆ ಮೊದಲಿನದೇ ವೇಗವೆನಿಸಿತು. ಗಡಿಯಾರ ಬೇರೆಯದನ್ನೇ ಹೇಳಿತು. ಅವನ ವರ್ಗದ ಹದಿನಾಲ್ವರಲ್ಲಿ ಒಂಬತ್ತನೆಯವನಾದ. ಅಷ್ಟು ಹೊತ್ತೂ ಸೆರಗಿನ ಅಂಚನ್ನು ಹಿಡಿದು ನಿಂತಿದ್ದ ತಂಗಿ, ಕಾರು ಹತ್ತಿರ ಬಂದಾಗ ಕಣ್ಣುಮುಚ್ಚಿ ಕೇಳಿಸಿಕೊಂಡು, "ಸದ್ದು ಅದೇ" ಎಂದಳು. ಅವಳಿಗೆ ಈಗಲೂ ಭಯವಿದೆ, ಆದರೆ ರಾತ್ರಿ ನಿದ್ರೆ ಬರುತ್ತಿದೆ.

ನಿಮ್ಮಲ್ಲಿ ಹಲವರ ಮಕ್ಕಳು ಈಗ ಅದೇ ವಯಸ್ಸಿನವರು. ವೇಗದ ಹಂಬಲವನ್ನು ಬೈದು ಓಡಿಸಲಾಗದು. ಅದಕ್ಕೊಂದು ಬೇಲಿಯಿರುವ ಬಯಲನ್ನು ತೋರಿಸಬಹುದು. ಯಾರಾದರೂ ಹಳೆಯ ಕಾರು ಕೊಳ್ಳಹೊರಟರೆ ಒಂದು ಅಯಸ್ಕಾಂತ, ಒಂದು ದೀಪ, ಬಾಯಿಬಿಟ್ಟು 'ಬೇಡ' ಎನ್ನಬಲ್ಲ ಒಬ್ಬ ಮೆಕ್ಯಾನಿಕ್ಕನನ್ನು ಜೊತೆಗೆ ಕರೆದೊಯ್ಯಲಿ. ಹೊಳೆಯುವ ಬಣ್ಣಕ್ಕಿಂತ ಮೊದಲು ನೆಲಹಾಸಿನ ಕೆಳಗೆ ನೋಡಲಿ. ಸೂತ್ರ ಮರೆತವರು ನನ್ನನ್ನು ಕೇಳಿ. ಹೇಳಿಕೊಡಲು ನಾನು ಇಲ್ಲಿಯೇ ಇದ್ದೇನೆ.