ಗೋಲಿಯಾಡಿದ ಮೂರು ಗಂಟೆ

1957ರಲ್ಲಿ ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್ ಕಡೆಯ ಒಂದು ಕಲ್ಲಿದ್ದಲು ಗಣಿಯಲ್ಲಿ ಬಂಡೆ ಕುಸಿಯಿತು. ಅದರಡಿ ಸಿಕ್ಕಿಕೊಂಡ ರೇ ರಿಯರ್ಡನ್‌ಗೆ ಮೂರು ಗಂಟೆ ಅಲುಗಾಡಲೂ ಆಗಲಿಲ್ಲ. ಗಾಬರಿಬಿದ್ದರೆ ಮುಗಿಯಿತು. ಹಾಗಾಗಿ ಆತ ಮನಸ್ಸಿನಲ್ಲೇ ತಮ್ಮನ ಜೊತೆ ಗೋಲಿಯಾಡಿದ. ಆಟದ ಮೇಲೆ ಆಟ, ಜನ ಬಂದು ಹೊರಗೆಳೆಯುವವರೆಗೆ.

ಹುಟ್ಟಿದ್ದು 1932ರಲ್ಲಿ, ವೇಲ್ಸ್‌ನ ಗಣಿಯೂರು ಟ್ರೆಡೆಗರ್‌ನಲ್ಲಿ. 14ನೇ ವಯಸ್ಸಿಗೇ ಅಪ್ಪನ ಹಾದಿ ಹಿಡಿದು ಗಣಿಗೆ ಇಳಿದ. ಕ್ಯೂ ಹಿಡಿಯುವ ಕೈ ಕೆಡಬಾರದೆಂದು ಅಲ್ಲೂ ಬಿಳಿ ಕೈಗವಸು ಹಾಕುತ್ತಿದ್ದ. 1950ರಿಂದ 1955ರವರೆಗೆ ಸತತ ಆರು ಸಲ ವೇಲ್ಸ್‌ನ ಹವ್ಯಾಸಿ ಚಾಂಪಿಯನ್ ಆದ. ಆದರೆ ಆಗಿನ ಸ್ನೂಕರ್ ಹೊಟ್ಟೆ ತುಂಬಿಸುತ್ತಿರಲಿಲ್ಲ. ಗಣಿ ಬಿಟ್ಟವನು ಪೊಲೀಸ್ ಪೇದೆಯಾದ. ವೃತ್ತಿಪರ ಆಟಗಾರನಾದದ್ದು 1967ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ.

ತಡವಾಗಿ ಬಂದವನು ಅವಸರ ಮಾಡಲಿಲ್ಲ. 1970ರಲ್ಲಿ ವಿಶ್ವ ಚಾಂಪಿಯನ್; 1973ರಿಂದ ಸತತ ನಾಲ್ಕು ವರ್ಷ ಮತ್ತೆ ಅದೇ ಪಟ್ಟ; 1978ರಲ್ಲಿ, 45ನೇ ವಯಸ್ಸಿನಲ್ಲಿ, ಆರನೆಯದು. 1982ರ ಫೈನಲ್‌ನಲ್ಲಿ ಅಲೆಕ್ಸ್ ಹಿಗಿನ್ಸ್ 18-15ರಿಂದ ಸೋಲಿಸಿದ. ಏಳನೆಯದು ಕೈಗೆ ಬರಲೇ ಇಲ್ಲ. 2004ರಲ್ಲಿ ರಾನಿ ಒಸಲ್ಲಿವನ್ ವಿಶ್ವ ಚಾಂಪಿಯನ್ ಆದಾಗ ಬೆನ್ನ ಹಿಂದೆ ನಿಂತು ಆಟದ ಪಟ್ಟು ಕಲಿಸಿದ್ದು ಇದೇ ಮುದುಕ.

ಎದುರಾಳಿ ಆಡುವಷ್ಟು ಹೊತ್ತೂ ಕುರ್ಚಿಯಲ್ಲಿ ಕೈಕಟ್ಟಿ ಕೂರಲೇಬೇಕಾದ ಆಟ ಸ್ನೂಕರ್. ಅಲ್ಲಿ ಅನೇಕರು ಸೋಲುವುದು ಮೇಜಿನ ಮೇಲಲ್ಲ, ಕುರ್ಚಿಯಲ್ಲಿ. 2024ರ ಜುಲೈನಲ್ಲಿ, 91ನೇ ವಯಸ್ಸಿಗೆ ತೀರಿಕೊಂಡ ರಿಯರ್ಡನ್ ಕಾಯುವ ಪಾಠವನ್ನು ಬಂಡೆಯ ಕೆಳಗೇ ಕಲಿತು ಬಂದಿದ್ದ.