ಅಡಿಕೆ ಕಾಯುತ್ತ ಆರ್ಯಭಟ

ಸಾಗರದ ಸೀಮೆಯ ನಮ್ಮೂರಲ್ಲಿ ಚಳಿ ಶುರುವಾಯಿತೆಂದರೆ ಬೇಯಿಸಿದ ಅಡಿಕೆ ಅಂಗಳದ ಅಟ್ಟ ಏರುತ್ತಿತ್ತು. ರಾತ್ರಿ ಅದನ್ನು ಕಾಯಲು ಕಂಬಳಿ ಹೊದ್ದ ದೊಡ್ಡಪ್ಪ, ದೊಡ್ಡಪ್ಪನನ್ನು ಕಾಯಲು ನಾನು. ಕಳ್ಳರು ಬಂದರೆ ಕೂಗಿಕೊಳ್ಳಲಿ ಎಂದು ನನ್ನ ನೇಮಕ. ಕಳ್ಳರು ಒಮ್ಮೆಯೂ ಬರಲಿಲ್ಲ, ಉಪಗ್ರಹಗಳು ಬಂದವು.

ಕತ್ತಲಾಗಿ ಗಂಟೆಯೊಳಗೆ, ಸುಮ್ಮನೆ ಕೂತಿದ್ದ ಚುಕ್ಕಿಗಳ ನಡುವಿನಿಂದ ಒಂದು ಎದ್ದು ನಡೆಯತೊಡಗುತ್ತಿತ್ತು. ವಿಮಾನದಂತೆ ಕೆಂಪು ದೀಪ ಮಿಣುಕಿಸುವುದಿಲ್ಲ, ಸದ್ದಿಲ್ಲ. ಮದುವೆಮನೆ ಪಂಕ್ತಿಯಲ್ಲಿ ತುಪ್ಪ ಬಡಿಸುವವನ ಹಾಗೆ ಯಾರ ಮುಖವನ್ನೂ ನೋಡದೆ ಸರಸರ ದಾಟಿಬಿಡುತ್ತಿತ್ತು.

“ನೋಡಾ ಮಾಣಿ, ಆರ್ಯಭಟ ಹೋಗ್ತಾ ಇದ್ದ!”

ದೊಡ್ಡಪ್ಪನ ಪಾಲಿಗೆ ಆಕಾಶದಲ್ಲಿ ನಡೆದದ್ದೆಲ್ಲ ಆರ್ಯಭಟ. ರಷ್ಯದ್ದೂ ಇರಬಹುದಲ್ಲ ಎಂದರೆ, “ರಷ್ಯದ್ದಾದ್ರೆ ಕೆಂಪು ಇರ್ತಿತ್ತು” ಎಂಬ ಉತ್ತರ. ನಂಬಿಕೆ ಬರಲೆಂದು ಬನಿಯನ್ ಜೇಬಿನಿಂದ ಎರಡು ರೂಪಾಯಿ ನೋಟು ತೆಗೆದು, ಬ್ಯಾಟರಿ ಬೆಳಕಲ್ಲಿ ಅದರ ಹಿಂಬದಿಯ ಆರ್ಯಭಟ ಉಪಗ್ರಹದ ಚಿತ್ರ ತೋರಿಸುತ್ತಿದ್ದ. ನೋಟು ತಕ್ಷಣ ಜೇಬಿಗೆ ವಾಪಸು.

ಪೀಣ್ಯದ ಶೆಡ್ಡುಗಳಲ್ಲಿ ನಮ್ಮ ಅದಮಾರಿನ ಯು. ಆರ್. ರಾವ್ ಮತ್ತವರ ಬಳಗ ಕಟ್ಟಿದ ಆರ್ಯಭಟ 1975ರ ಏಪ್ರಿಲ್ 19ರಂದು ರಷ್ಯದ ನೆಲದಿಂದಲೇ, ರಷ್ಯದ ರಾಕೆಟ್ಟಿನಲ್ಲೇ ಮೇಲೇರಿತ್ತು. ಒಂದೂವರೆ ಮೀಟರೂ ಅಗಲವಿಲ್ಲದ ಅದು ಸುಮಾರು 600 ಕಿಲೋಮೀಟರ್ ಎತ್ತರದಲ್ಲಿ ಬರಿಗಣ್ಣಿಗೆ ಸುಲಭಕ್ಕೆ ಬೀಳುವಂಥದ್ದಲ್ಲ ಎಂದು ನಾನು ಕಲಿಯುವ ಹೊತ್ತಿಗೆ ತಡವಾಗಿತ್ತು. 1992ರಲ್ಲಿ ಅದು ಗಾಳಿಯಲ್ಲಿ ಉರಿದುಹೋಯಿತು. ನಮ್ಮ ಅಂಗಳದ ಮೇಲೆ ಆಮೇಲೂ ಓಡಾಡಿಕೊಂಡಿತ್ತು.

1979ರ ಜುಲೈನಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಬೀಳುತ್ತದೆ, ಎಲ್ಲಿ ಬೀಳುತ್ತದೋ ಹೇಳಲಾಗದು ಎಂದು ರೇಡಿಯೊ ಹೇಳಿತು. ಸಾಯುವುದಾದರೆ ಉಂಡು ಸಾಯೋಣವೆಂದು ದೊಡ್ಡಪ್ಪ ಮುಂದಿನ ವರ್ಷಕ್ಕಿಟ್ಟ ಜೀರಿಗೆ ಮಿಡಿಯ ಭರಣಿ ಬಿಚ್ಚಿಸಿದ. ಸ್ಕೈಲ್ಯಾಬ್ ಆಸ್ಟ್ರೇಲಿಯಾದಲ್ಲಿ ಬಿತ್ತು. ನಷ್ಟವಾದದ್ದು ನಮ್ಮ ಉಪ್ಪಿನಕಾಯಿಗೆ.

ಕೆಲವು ಚುಕ್ಕಿಗಳು ನಡು ಆಕಾಶದಲ್ಲೇ ತಟ್ಟನೆ ಆರುತ್ತಿದ್ದವು. “ಊರು ದಾಟಿದ ಮೇಲೆ ದೀಪ ಎಂತಕ್ಕೆ?” ಎಂದು ದೊಡ್ಡಪ್ಪ ಎಣ್ಣೆಯ ಲೆಕ್ಕ ಒಪ್ಪಿಸುತ್ತಿದ್ದ. ಅವಕ್ಕೆ ಸ್ವಂತ ದೀಪವೇ ಇಲ್ಲ. ನಮಗೆ ಸೂರ್ಯ ಮುಳುಗಿದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ. ಆ ಬಿಸಿಲಿಗೆ ಹೊಳೆಯುತ್ತ ಬಂದು ಭೂಮಿಯ ನೆರಳಿಗೆ ಕಾಲಿಟ್ಟೊಡನೆ ಮರೆಯಾಗುತ್ತವೆ. ಇಷ್ಟನ್ನು ನಾನು ದೊಡ್ಡಪ್ಪನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಎಣ್ಣೆಯ ಲೆಕ್ಕವೇ ಚೆನ್ನಾಗಿತ್ತು.

ಈಗ ಬೆಂಗಳೂರಿನ ಟೆರೇಸಿನಲ್ಲಿ ನನ್ನ ಮೊಬೈಲು ಎಲ್ಲವನ್ನೂ ಮೊದಲೇ ಹೇಳುತ್ತದೆ: ಇಷ್ಟು ಗಂಟೆಗೆ, ವಾಯವ್ಯದಿಂದ, ನಾಲ್ಕು ನಿಮಿಷ. 400 ಕಿಲೋಮೀಟರ್ ಎತ್ತರದಲ್ಲಿ ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುವ ಬಾಹ್ಯಾಕಾಶ ನಿಲ್ದಾಣ ಹೇಳಿದ ನಿಮಿಷಕ್ಕೆ ಬರುತ್ತದೆ, ನಮ್ಮ ಬಡಾವಣೆಯ ಬಸ್ಸಿನಂತಲ್ಲ. 2025ರ ಮಳೆಗಾಲದಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಅದರೊಳಗಿದ್ದರು, ಧಾರವಾಡದಿಂದ ಹೋದ ಹೆಸರುಕಾಳು, ಮೆಂತ್ಯೆ ಮೊಳಕೆ ಬರಿಸುತ್ತ. ಕೆಳಗೆ ನಾನಿದ್ದೆ, ಮೋಡ ನೋಡುತ್ತ. “ಕೋಸಂಬರಿಗೆ ನೆನೆಹಾಕೋಕೆ ಅಷ್ಟು ದೂರ ಹೋಗ್ಬೇಕಿತ್ತಾ?” ಎಂದಳು ಹೆಂಡತಿ, ಒಣಗಿದ ಬಟ್ಟೆ ಎತ್ತಿಕೊಳ್ಳುತ್ತ.

ದೊಡ್ಡಪ್ಪ ಹೋಗಿ ಬಹಳ ವರ್ಷವಾಯಿತು. ಉಪಗ್ರಹಗಳು ಸಾವಿರಗಟ್ಟಲೆ ಆಗಿವೆ. ಸ್ಟಾರ್‌ಲಿಂಕ್‌ನವು ಹಾರಿಸಿದ ಹೊಸತರಲ್ಲಿ ಇರುವೆಸಾಲಿನಂತೆ ಒಂದರ ಹಿಂದೊಂದು ಹೋಗುತ್ತವೆ. ನಾನು ನಾಲ್ಕು ನಿಮಿಷ ನಿಂತು ನೋಡಿ, ಕುತ್ತಿಗೆ ಹಿಡಿಸಿಕೊಂಡು ಮೆಟ್ಟಿಲಿಳಿಯುತ್ತೇನೆ.

ಆಕಾಶವನ್ನು ನಿಂತು ನೋಡಬಾರದು. ಚಾಪೆ ಹಾಸಿ ಅಂಗಾತ ಮಲಗಿ. ಪಕ್ಕದಲ್ಲಿ ತಪ್ಪುತಪ್ಪು ಮಾಹಿತಿ ಕೊಡುವ ಹಿರಿಯರೊಬ್ಬರಿದ್ದರೆ ಇನ್ನೂ ಒಳ್ಳೆಯದು.